ಇಪ್ಪತ್ತೈದು ರೂಪಾಯಿಯ ಹಡಗು

ಸ್ಮರಣ ಸಂಚಿಕೆಯ ಸಮಿತಿಯವರು ನನ್ನಿಂದ ಕೇಳಿದ್ದು ನಮ್ಮ ಸಹಕಾರಿ ಸಂಘ ನಡೆದುಬಂದ ದಾರಿಯ ಮೇಲೆ ಒಂದು ಲೇಖನ. ಆ ದಾರಿಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಚಿಕೆಯಲ್ಲೇ ಬರೆದಿದ್ದಾರೆ. ಅದೇ ಅಡಿಗಲ್ಲು, ಅದೇ ಉದ್ಘಾಟನೆಯ ಫೋಟೋ, ಮೊದಲ ವರ್ಷದ ಠೇವಣಿಯ ಅದೇ ಲೆಕ್ಕ ಇವನ್ನೇ ಇನ್ನೊಮ್ಮೆ ಬರೆದು ಕಾಗದ ಹಾಳುಮಾಡುವುದಕ್ಕಿಂತ ಬೇರೊಂದು ಸಂಸ್ಥೆಯ ಚರಿತ್ರೆ ಬರೆದುಕೊಡುತ್ತೇನೆ ಎಂದೆ. ಹೆಸರು ಸ್ವದೇಶಿ ಸ್ಟೀಮ್ ನ್ಯಾವಿಗೇಶನ್ ಕಂಪನಿ, ಊರು ತೂತುಕುಡಿ, ಆಯಸ್ಸು ಸುಮಾರು ಐದು ವರ್ಷ. "ಹಬ್ಬದ ಮನೆಯಲ್ಲಿ ತಿಥಿಯ ಮಾತು ಯಾಕೆ ಮಾರಾಯ್ರೇ?" ಎಂದರು ಅಧ್ಯಕ್ಷರು. ಆದರೆ ಬೇಡ ಅನ್ನಲಿಲ್ಲ.

ಮೂವತ್ತು ವರ್ಷ ಸಹಕಾರಿ ಸಂಘಗಳ ಆಡಿಟ್ ಮಾಡಿಕೊಂಡು ಬಂದವನು ನಾನು. ಲಾಭ ಬಂದ ವರ್ಷದ ಮಹಾಸಭೆ ಹೇಗಿರುತ್ತದೆಂದು ಈ ಸಂಚಿಕೆ ಓದುವ ಎಲ್ಲರಿಗೂ ಗೊತ್ತು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕೋರಂ ಆಗಿರುತ್ತದೆ. ಸೂಚಕರು, ಅನುಮೋದಕರು, ಚಪ್ಪಾಳೆ; ಅರ್ಧ ಗಂಟೆಯಲ್ಲಿ ಹನ್ನೆರಡು ಠರಾವು ಪಾಸಾಗಿ ಎಲ್ಲರೂ ಊಟದ ಪಂಕ್ತಿಯಲ್ಲಿರುತ್ತಾರೆ. ವರದಿಯ ಪುಸ್ತಕ ಕೈಬೀಸಣಿಗೆಯಾಗಿರುತ್ತದೆ. ನಷ್ಟದ ವರ್ಷ ಹಾಗಲ್ಲ. ಆ ವರ್ಷ ಎಲ್ಲರೂ ಅಢಾವೆ ಪತ್ರಿಕೆ ಓದುತ್ತಾರೆ, ಕನ್ನಡಕ ಮರೆತು ಬಂದವರು ಪಕ್ಕದವರಿಂದ ಓದಿಸಿಕೊಳ್ಳುತ್ತಾರೆ.

ನಮ್ಮ ಸಂಘಕ್ಕೂ ಅಂಥದೊಂದು ವರ್ಷ ಬಂದಿತ್ತು. ಯಾವುದೆಂದು ಹಳಬರಿಗೆ ನೆನಪಿದೆ. ಸಭಾಭವನದ ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದ ಒಬ್ಬ ಸದಸ್ಯರು, ತೋಟದ ಕೆಲಸ ಅರ್ಧಕ್ಕೆ ಬಿಟ್ಟು ಬಂದವರು, ಪಂಚೆಯ ಅಂಚಿನಲ್ಲಿ ಇನ್ನೂ ಹಸಿ ಕೆಸರು, ವರದಿಯನ್ನು ಕೊಳವೆಯಂತೆ ಸುತ್ತಿ ಹಿಡಿದು ಕೇಳಿದರು: "ಇದು ವ್ಯಾಪಾರವೋ ಸೇವೆಯೋ, ಅದನ್ನು ಮೊದಲು ಹೇಳಿ. ವ್ಯಾಪಾರವಾದರೆ ಡಿವಿಡೆಂಡ್ ಎಲ್ಲಿ? ಸೇವೆಯಾದರೆ ನಮ್ಮ ಹಣವನ್ನು ಷೇರು ಅಂತ ಯಾಕೆ ತೆಗೆದುಕೊಂಡಿರಿ? ದೇಣಿಗೆ ಅಂತಲೇ ರಶೀದಿ ಕೊಡಬಹುದಿತ್ತಲ್ಲ?" ವೇದಿಕೆಯ ಮೇಲಿದ್ದ ಏಳು ಮಂದಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಸದಸ್ಯರ ಪ್ರಶ್ನೆಗಳಿಗೆ ಸಮರ್ಪಕ ಉತ್ತರ ನೀಡಲಾಯಿತು ಎಂದು ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಮುಂದಿನ ಆಡಿಟ್‌ನಲ್ಲಿ ನಾನೇ ಓದಿದ್ದೇನೆ.

ಆ ಪ್ರಶ್ನೆ ಕೇಳಿದಾಗೆಲ್ಲ ನನಗೆ ತೂತುಕುಡಿ ನೆನಪಾಗುತ್ತದೆ. ಅಲ್ಲಿ ಅದೇ ಪ್ರಶ್ನೆ ಕೇಳಿದವರನ್ನು ಚರಿತ್ರೆ ಹೇಡಿಗಳ ಸಾಲಿನಲ್ಲಿ ಕೂರಿಸಿಬಿಟ್ಟಿದೆ. ಅವರ ಕಡೆಯ ಲೆಕ್ಕವನ್ನೂ ಒಮ್ಮೆ ನೋಡೋಣ ಎಂಬುದು ನನ್ನ ಆಸೆ.

ತೂತುಕುಡಿಯಿಂದ ಕೊಲಂಬೋಗೆ ಸ್ಟೀಮರಿನಲ್ಲಿ ಒಂದು ರಾತ್ರಿಯ ಪ್ರಯಾಣ. ಸಿಂಹಳದ ಚಹಾ ತೋಟಗಳಿಗೆ ಹೋಗುವ ಕೂಲಿಯಾಳುಗಳು, ಅಕ್ಕಿ–ಬಟ್ಟೆ–ಮೆಣಸಿನಕಾಯಿಯ ವರ್ತಕರು, ಮದ್ರಾಸಿನ ರೈಲು ಇಳಿದು ಬಂದವರು ಎಲ್ಲರಿಗೂ ಇದೇ ದಾರಿ. ಬಂದರು ಎಂದರೆ ಈಗಿನಂತೆ ದಕ್ಕೆಗೆ ಹಡಗು ತಾಗುವ ಬಂದರಲ್ಲ. ದಡದ ಬಳಿ ಕಡಲಿಗೆ ಆಳವಿಲ್ಲದ್ದರಿಂದ ಹಡಗುಗಳು ಮೈಲಿಗಟ್ಟಲೆ ದೂರದಲ್ಲೇ ಲಂಗರು ಹಾಕುತ್ತಿದ್ದವು. ಜನರನ್ನೂ ಮೂಟೆಗಳನ್ನೂ ದೋಣಿಗಳಲ್ಲಿ ಅಲ್ಲಿಗೆ ಮುಟ್ಟಿಸಬೇಕು. ಈ ವಹಿವಾಟು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಮುಷ್ಟಿಯಲ್ಲಿತ್ತು. ಬಿ.ಐ. ಎಂದು ಎಲ್ಲರ ಬಾಯಲ್ಲಿದ್ದ ಆ ಕಂಪನಿಗೆ ಆಗ ನೂರರ ಆಸುಪಾಸು ಹಡಗುಗಳಿದ್ದವು. ತೂತುಕುಡಿಯಲ್ಲಿ ಅದರ ಏಜೆಂಟರು ಹಾರ್ವೆ ಸಹೋದರರು. ಊರಿನ ಕೋರಲ್ ಮಿಲ್ಲೂ ಅವರದೇ. ಈ ಎರಡನೆಯ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ವಿ. ಓ. ಚಿದಂಬರಂ ಪಿಳ್ಳೆ ಹುಟ್ಟಿದ್ದು 1872ರಲ್ಲಿ ಒಟ್ಟಪಿಡಾರಂ ಎಂಬ ಊರಲ್ಲಿ, ವೃತ್ತಿಯಿಂದ ವಕೀಲರು. ಬಂಗಾಳದ ವಿಭಜನೆಯ ನಂತರ ಎದ್ದ ಸ್ವದೇಶಿಯ ಗಾಳಿ ದಕ್ಷಿಣಕ್ಕೂ ಬೀಸಿದಾಗ ಬೇರೆಯವರು ಬಳೆ, ಬಟ್ಟೆ, ಬೆಂಕಿಕಡ್ಡಿಯ ಮಾತಾಡಿದರೆ ಇವರು ಕೈಹಾಕಿದ್ದು ಹಡಗಿಗೆ. ಕಂಪನಿ 1882ರ ಕಾಯ್ದೆಯಡಿ 1906ರ ಅಕ್ಟೋಬರ್ 16ರಂದು ನೋಂದಣಿಯಾಯಿತು. ಬಂಡವಾಳ 10 ಲಕ್ಷ ರೂಪಾಯಿ, ತಲಾ 25 ರೂಪಾಯಿಯ 40,000 ಷೇರುಗಳು. ಷೇರು ಕೊಳ್ಳಲು ಭಾರತೀಯರು, ಸಿಂಹಳದವರು, ಒಟ್ಟಿನಲ್ಲಿ ಏಷ್ಯಾದವರು ಯಾರಾದರೂ ಸೈ. ಯುರೋಪಿನವರಿಗೆ ಮಾತ್ರ ಇಲ್ಲ. ಅಧ್ಯಕ್ಷರು ಪಾಂಡಿತ್ತುರೈ ತೇವರ್, ಮದುರೆಯ ತಮಿಳು ಸಂಗಮ್ ಕಟ್ಟಿದ ಜಮೀನ್ದಾರರು. ಪಿಳ್ಳೆಯವರ ಹುದ್ದೆ ಸಹಾಯಕ ಕಾರ್ಯದರ್ಶಿಯದು. ದುಡಿಮೆ ಮಾತ್ರ ಪೂರ್ತಿ ಅವರದೇ, ನಮ್ಮ ಸಂಘಗಳಲ್ಲೂ ಹೀಗೇ ಅಲ್ಲವೇ? ಹಾಜಿ ಮಹಮ್ಮದ್ ಬಕೀರ್ ಸೇಟರೊಬ್ಬರೇ 8,000 ಷೇರು ತೆಗೆದುಕೊಂಡರು. ಎರಡು ಲಕ್ಷ ರೂಪಾಯಿ. ಇಡೀ ಬಂಡವಾಳದ ಐದರಲ್ಲೊಂದು ಪಾಲು.

ಕಂಪನಿ ನೋಂದಣಿಯಾಗಿ ಆರು ದಿನಕ್ಕೆ, ಅಕ್ಟೋಬರ್ 22ರಂದು, ಮದ್ರಾಸಿನ ಆರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ಬಿಳಿಯರ ಮನೆತನದ ಆ ಬ್ಯಾಂಕನ್ನು ಕಣ್ಣುಮುಚ್ಚಿ ನಂಬಿದ್ದ ಸಾವಿರಾರು ಠೇವಣಿದಾರರು ಬೀದಿಗೆ ಬಿದ್ದರು. ಯಜಮಾನ ಸರ್ ಜಾರ್ಜ್ ಆರ್ಬತ್‌ನಾಟ್ ಜೈಲಿಗೆ ಹೋದರು. ಅದರಿಂದ ಪಾಠ ಕಲಿತವರು ಮರುವರ್ಷ ಇಂಡಿಯನ್ ಬ್ಯಾಂಕ್ ಕಟ್ಟಿದರು. ಇದೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದಲ್ಲಿ ಅದೇ 1906ರಲ್ಲಿ ಏನಾಗಿತ್ತೆಂಬುದನ್ನೂ ಹೇಳಬೇಕು. ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ತೆರೆದರು. ಮೊದಲ ದಿನ ಸಂಜೆ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು. ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರುಮಾಡಿದರು. ಅದೇ ಇಂದಿನ ಕೆನರಾ ಬ್ಯಾಂಕ್. ಒಂದೇ ಪ್ರಾಂತ್ಯ, ಒಂದೇ ವರ್ಷ. ಬ್ಯಾಂಕಿಗೆ ಬೇಕಾದದ್ದು ಒಂದು ಮೇಜು, ಒಂದು ಪೆಟ್ಟಿಗೆ, ಒಂದು ಖಾತೆ ಪುಸ್ತಕ; 38 ರೂಪಾಯಿ ಬಂದರೆ 38 ರೂಪಾಯಿಗೆ ತಕ್ಕ ಹಾಗೆ ನಡೆಯಬಹುದು. ಹಡಗನ್ನು ಹಾಗೆ ಚೂರುಚೂರೇ ಕೊಳ್ಳಲಾಗದು.

ಶುರುವಿನಲ್ಲಿ ಕೊಳ್ಳಲೂ ಇಲ್ಲ. ಷಾ ಲೈನ್ ಎಂಬ ಕಂಪನಿಯಿಂದ ಸ್ಟೀಮರುಗಳನ್ನು ಬಾಡಿಗೆಗೆ ತಂದು ಓಡಿಸಿದರು. ಬಿ.ಐ. ಆ ಕಂಪನಿಯ ಮೇಲೆ ಒತ್ತಡ ತಂದು ಬಾಡಿಗೆಯ ಕರಾರನ್ನು ಮುರಿಸಿತು. ಪಿಳ್ಳೆಯವರು ಕೊಲಂಬೋಗೆ ಧಾವಿಸಿ ಅಲ್ಲಿಂದ ಇನ್ನೊಂದು ಹಡಗು ಗೊತ್ತುಮಾಡಿ ವಹಿವಾಟು ನಿಲ್ಲದಂತೆ ನೋಡಿಕೊಂಡರು. ಬಾಡಿಗೆ ಹಡಗಿನ ಹಣೆಬರಹ ಬಾಡಿಗೆ ಮನೆಯದೇ ಎಂದು ಗೊತ್ತಾದ ಮೇಲೆ ಸ್ವಂತ ಹಡಗಿಗಾಗಿ ಮುಂಬಯಿ ಹಾದಿ ಹಿಡಿದರು. ಹಡಗಿನೊಂದಿಗೇ ಮರಳುವೆ, ಇಲ್ಲದಿದ್ದರೆ ಅಲ್ಲೇ ಕಡಲಿಗೆ ಬೀಳುವೆ ಎಂದು ಹೊರಟರೆಂಬುದು ಅಲ್ಲಿ ಇಂದಿಗೂ ಹೇಳುವ ಕಥೆ. ತಿಲಕರ ಬೆಂಬಲ ಸಿಕ್ಕಿತು. 1907ರ ಬೇಸಿಗೆಯ ಹೊತ್ತಿಗೆ 'ಗ್ಯಾಲಿಯಾ' ಮತ್ತು 'ಲಾವೋ' ಎಂಬ ಎರಡು ಹಡಗುಗಳು ತೂತುಕುಡಿಯ ಕಡಲಲ್ಲಿ ನಿಂತಿದ್ದವು. ಮದ್ರಾಸಿನಲ್ಲಿ 'ಇಂಡಿಯಾ' ಪತ್ರಿಕೆ ನಡೆಸುತ್ತಿದ್ದ ಕವಿ ಸುಬ್ರಹ್ಮಣ್ಯ ಭಾರತಿಯವರ ಸಂಭ್ರಮಕ್ಕೆ ಪಾರವಿರಲಿಲ್ಲ. ಷೇರು ಕೊಳ್ಳಿರೆಂದು ತಮ್ಮ ಪತ್ರಿಕೆಯಲ್ಲಿ ಜನರನ್ನು ಮೊದಲಿನಿಂದಲೂ ಹುರಿದುಂಬಿಸಿದವರು ಅವರು.

ಇಲ್ಲಿಂದ ಮುಂದಿನದು ನನ್ನಂಥ ಲೆಕ್ಕದವರಿಗೆ ಮೈ ನಡುಗಿಸುವ ಅಧ್ಯಾಯ.

ಬಿ.ಐ. ಕೊಲಂಬೋ ಪ್ರಯಾಣದ ದರವನ್ನು ಒಂದು ರೂಪಾಯಿಗೆ ಇಳಿಸಿತು. ಸ್ವದೇಶಿ ಕಂಪನಿ ಎಂಟಾಣೆಗೆ ಇಳಿಸಿತು. ಬಿ.ಐ. ಪುಕ್ಕಟೆ ಕರೆದೊಯ್ಯುತ್ತೇವೆ ಎಂದು ಸಾರಿತು. ಮೇಲೆ ಒಂದು ಕೊಡೆಯನ್ನೂ ಕೊಟ್ಟಿತು. ಈ ಕೊಡೆಯ ಕಥೆ ತಮಿಳುನಾಡಿನಲ್ಲಿ ಮಕ್ಕಳಿಗೂ ಗೊತ್ತು. ಹೊಸ ಉಪಾಯವೇನೂ ಅಲ್ಲ. ಇಪ್ಪತ್ತು ವರ್ಷದ ಹಿಂದೆ ಬಂಗಾಳದಲ್ಲಿ ರವೀಂದ್ರನಾಥ ಟಾಗೋರರ ಅಣ್ಣ ಜ್ಯೋತಿರಿಂದ್ರನಾಥರು ಖುಲ್ನಾ–ಬಾರಿಸಾಲ್ ನದೀಮಾರ್ಗದಲ್ಲಿ ಸ್ಟೀಮರು ಬಿಟ್ಟಾಗಲೂ ಹೀಗೇ ದರದ ಜಗಳ ನಡೆದಿತ್ತು. ಅಲ್ಲಿ ಪುಕ್ಕಟೆ ಪ್ರಯಾಣದ ಮೇಲೆ ತಿಂಡಿಯನ್ನೂ ಕೊಟ್ಟವರು ಬಿಳಿಯರಲ್ಲ, ಇವರದೇ ಕಡೆಯವರು! ದೇಶಾಭಿಮಾನದಿಂದ ಹಡಗು ತುಂಬಿತು, ಗಲ್ಲಾಪೆಟ್ಟಿಗೆ ತುಂಬಲಿಲ್ಲ. ರವೀಂದ್ರರು ತಮ್ಮ ನೆನಪುಗಳಲ್ಲಿ ಇದನ್ನು ನಗುನಗುತ್ತಲೇ ಬರೆದಿದ್ದಾರೆ. ಹಣ ಕಳೆದುಕೊಂಡದ್ದು ಒಂದೇ ಮನೆಯಾದಾಗ ನಗಬಹುದು. ತೂತುಕುಡಿಯಲ್ಲಿ ಕಳೆದುಕೊಳ್ಳಬೇಕಾದವರು ಊರೂರಿನ ಷೇರುದಾರರು.

ಲೆಕ್ಕ ಹಾಕೋಣ. ಸ್ವದೇಶಿ ಹಡಗಿನಲ್ಲಿ ಸಾಮಾನ್ಯ ದರ್ಜೆಗೆ 1,300 ಜನ ಹಿಡಿಯುತ್ತಿದ್ದರು ಎನ್ನುತ್ತಾರೆ. ಒಬ್ಬರೂ ಬಿಡದಂತೆ ಡೆಕ್ ಭರ್ತಿಯಾದರೂ ತಲೆಗೆ ಎಂಟಾಣೆಯಂತೆ ಬರುವುದು 650 ರೂಪಾಯಿ. ಅದರಲ್ಲೇ ಕಲ್ಲಿದ್ದಲು, ಕಪ್ತಾನ, ಎಂಜಿನಿಯರು, ಖಲಾಸಿಗಳು, ದಡಕ್ಕೆ ಮುಟ್ಟಿಸುವ ದೋಣಿ, ಬಂದರಿನ ಸುಂಕ, ವಿಮೆ, ರಿಪೇರಿ ಎಲ್ಲ ಆಗಬೇಕು; ಹಡಗಿನ ಸವಕಳಿಯನ್ನಂತೂ ಕೇಳುವುದೇ ಬೇಡ. ಕಲ್ಲಿದ್ದಲಿನ ವ್ಯಾಪಾರಿಗೆ ಸ್ವದೇಶಿ ದರ, ವಿದೇಶಿ ದರ ಎಂದು ಎರಡಿಲ್ಲ. ಸಾಮಾನ್ಯವಾಗಿ ಅಂಗಡಿಗೆ ಗಿರಾಕಿ ಹೆಚ್ಚಿದರೆ ಯಜಮಾನನ ಮುಖ ಅರಳುತ್ತದೆ. ಇಲ್ಲಿ ಜನ ತುಂಬಿ ತುಳುಕಿದ ದಿನವೂ ನಷ್ಟವೇ. ಅತ್ತ ಬಿ.ಐ. ಕಂಪನಿಗೆ ನೂರು ಹಡಗಿನಲ್ಲಿ ಎರಡು ಖಾಲಿ ಓಡಿದರೆ ರಂಗೂನಿನ ದಾರಿಯಲ್ಲೋ ಬಸ್ರಾದ ದಾರಿಯಲ್ಲೋ ಅದನ್ನು ತುಂಬಿಕೊಳ್ಳಬಹುದು. ಸ್ವದೇಶಿಗೆ ಇದ್ದದ್ದು ಒಂದೇ ದಾರಿ.

ಇನ್ನೊಂದು ಲೆಕ್ಕ ಇದಕ್ಕಿಂತ ಮಜವಾಗಿದೆ. 25 ರೂಪಾಯಿಯಲ್ಲಿ 400 ಆಣೆ. ಎಂಟಾಣೆಯಂತೆ 50 ಪ್ರಯಾಣ. ಒಂದು ಷೇರಿನ ದುಡ್ಡನ್ನು ಕಂಪನಿಗೆ ಕೊಡದೆ ಕಿಸೆಯಲ್ಲಿಟ್ಟುಕೊಂಡಿದ್ದ ವರ್ತಕ ಅದೇ ಹಡಗಿನಲ್ಲಿ ಐವತ್ತು ಸಲ ಕೊಲಂಬೋ ದಾರಿ ಸವೆಸಬಹುದಿತ್ತು. ಷೇರು ಕೊಂಡವನು ಡಿವಿಡೆಂಡ್ ಕಾಣಲಿಲ್ಲ. ಅವನ ಹಣ ಪಕ್ಕದವನ ಟಿಕೆಟಿನಲ್ಲಿ ಕರಗಿಹೋಯಿತು. ಇದನ್ನೇ ನಮ್ಮಲ್ಲಿ ಗಂಟು ಕರಗಿಸಿ ಊಟ ಹಾಕುವುದು ಎನ್ನುತ್ತೇವೆ. ಆ ಕಾಲದ ಒಬ್ಬ ಸಣ್ಣ ಷೇರುದಾರ ರಾತ್ರಿ ದೀಪದ ಬುಡದಲ್ಲಿ ಕೂತು ಈ ಗುಣಾಕಾರ ಮಾಡಿರಲಾರನೆ? ಮಾಡಿದವನು ದೇಶದ್ರೋಹಿಯಾದನೆ?

ದರದ ಜೊತೆಗೆ ಸರ್ಕಾರವೂ ಎದುರು ನಿಂತಿತ್ತು. ಬಂದರಿನ, ಸುಂಕದ, ಆರೋಗ್ಯ ತಪಾಸಣೆಯ ಅಧಿಕಾರಿಗಳ ಒಲವು ಯಾವ ಹಡಗಿನ ಕಡೆ ಎಂದು ಹೇಳಬೇಕಾಗಿಲ್ಲ. ನಮ್ಮ ಸಂಘದ ಲಾರಿಯನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದಾಗ ಏನಾಗುತ್ತದೆಂದು ಬಲ್ಲವರಿಗೆ ಹಡಗನ್ನು ಒಂದು ದಿನ ತಡೆದರೆ ಏನಾಗುತ್ತದೆಂಬುದು ಹೊಳೆಯುತ್ತದೆ.

ಇಷ್ಟಾದರೂ ಕಂಪನಿಯೊಳಗಿನ ಮುಖ್ಯ ಜಗಳ ದರದ ಮೇಲೆ ಎದ್ದದ್ದಲ್ಲ, ಪಿಳ್ಳೆಯವರ ಮೇಲೆ. 1907ರ ಡಿಸೆಂಬರಿನಲ್ಲಿ ಅವರು ಸೂರತ್ ಕಾಂಗ್ರೆಸ್ಸಿಗೆ ಹೋದರು. ಕಾಂಗ್ರೆಸ್ ಒಡೆದ ಅಧಿವೇಶನ ಅದು. ತಿಲಕರ ಬಣದ ಮುಂದಾಳಾಗಿ ಊರಿಗೆ ಬಂದರು. ಸ್ವದೇಶಿಯ ಇನ್ನೊಬ್ಬ ಮುಂದಾಳು ಸುಬ್ರಹ್ಮಣ್ಯ ಶಿವರ ಜೊತೆ ಸೇರಿ ತೂತುಕುಡಿಯ ಕಡಲ ದಂಡೆಯಲ್ಲಿ ಸಂಜೆ ಸಂಜೆ ಭಾಷಣ. ರಾಜಕೀಯದಿಂದ ದೂರವಿರಿ, ಇಲ್ಲವಾದರೆ ಕಂಪನಿ ಉಳಿಯದು ಎಂಬ ಒತ್ತಡ ನಿರ್ದೇಶಕರಿಂದಲೇ ಬಂತು. ಪಿಳ್ಳೆ ಒಪ್ಪಲಿಲ್ಲ.

ಅವರ ಎರಡೂ ಕಡೆಯ ವಾದವನ್ನು ನಾನು ನನ್ನ ಮಾತಿನಲ್ಲಿ ಕಟ್ಟಿಕೊಡುತ್ತೇನೆ. ಇಂಥ ಸಭೆಗಳಲ್ಲಿ ಕೂತು ಕೂತು ಅವು ನನಗೆ ಬಾಯಿಪಾಠ. ಒಂದು ಕಡೆಯವರು ಹೀಗೆ ಹೇಳಿರಬೇಕು: ನಾವು ನಂಬಿಕೆಯಿಂದ ದುಡ್ಡು ಹಾಕಿದ್ದೇವೆ. ಹಡಗು ಓಡಿಸಲು ಸರ್ಕಾರದ ಪರವಾನಗಿ ಬೇಕು, ಬಂದರು ಬೇಕು, ರೈಲು ಬೇಕು. ಹಗಲು ಅವರ ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತು, ರಾತ್ರಿ ಅವರನ್ನೇ ಓಡಿಸಿ ಎಂದು ಭಾಷಣ ಮಾಡಿದರೆ ಅರ್ಜಿಯ ಗತಿಯೇನು? ಪಿಳ್ಳೆಯವರೇ, ನಿಮ್ಮ ಧೈರ್ಯಕ್ಕೆ ನಮಸ್ಕಾರ. ಆದರೆ ಅಡವಿಟ್ಟಿರುವುದು ನಿಮ್ಮ ಹಣವನ್ನಷ್ಟೇ ಅಲ್ಲ.

ಇನ್ನೊಂದು ಕಡೆಯವರದು: ಈ ಷೇರುಗಳನ್ನು ಕೊಂಡವರು ಡಿವಿಡೆಂಡಿನ ಆಸೆಗೆ ಕೊಂಡರೇ? ಭಾಷಣ ಕೇಳಿ ಕೊಂಡರು. ಪುಕ್ಕಟೆಯಾಗಿ ಕರೆದೊಯ್ದು ಕೊಡೆ ಕೊಡುವ ಹಡಗನ್ನು ಬಿಟ್ಟು ಎಂಟಾಣೆ ತೆತ್ತು ನಮ್ಮ ಹಡಗಿಗೆ ಯಾಕೆ ಹತ್ತುತ್ತಾರೆ? ಅದೂ ಭಾಷಣ ಕೇಳಿಯೇ. ಭಾಷಣ ನಿಲ್ಲಿಸಿದ ದಿನ ನಾವು ಬಿ.ಐ.ಗಿಂತ ಬಡ, ಬಿ.ಐ.ಗಿಂತ ಸಣ್ಣ, ಬಿ.ಐ.ಗಿಂತ ದುಬಾರಿಯಾದ ಮತ್ತೊಂದು ಹಡಗಿನ ಕಂಪನಿ, ಅಷ್ಟೆ.

ನನ್ನ ಅನುಭವದಲ್ಲಿ ಇಂಥ ಜಗಳದಲ್ಲಿ ಒಂದು ಪಕ್ಷ ಮೂರ್ಖರದು, ಒಂದು ಪಕ್ಷ ಜಾಣರದು ಆಗಿರುತ್ತದೆ. ತೂತುಕುಡಿಯಲ್ಲಿ ಎರಡೂ ಪಕ್ಷದ ಲೆಕ್ಕ ಸರಿಯಿತ್ತು. ಅಢಾವೆ ಪತ್ರಿಕೆಯಲ್ಲಿ ಹಡಗನ್ನು ಆಸ್ತಿಯ ಕಡೆ ಬರೆಯಬಹುದು, ಬ್ಯಾಂಕಿನಲ್ಲಿರುವ ನಗದನ್ನು ಬರೆಯಬಹುದು. ಜನರನ್ನು ಪುಕ್ಕಟೆ ಹಡಗು ಬಿಡಿಸಿ ಎಂಟಾಣೆಯ ಹಡಗಿಗೆ ಹತ್ತಿಸುತ್ತಿದ್ದ ಆ ಅಭಿಮಾನವನ್ನು ಯಾವ ಕಲಮಿನಲ್ಲಿ ಬರೆಯುವುದು? ಬಂಡವಾಳ ತಂದುಕೊಟ್ಟದ್ದು ಅದು. ಕಲೆಕ್ಟರನ ಕಣ್ಣು ಕೆಂಪಾಗಿಸಿದ್ದೂ ಅದೇ. ಆಸ್ತಿಯ ಕಡೆ ಬರೆದಷ್ಟೇ ಮೊತ್ತವನ್ನು ಜವಾಬ್ದಾರಿಯ ಕಡೆಯೂ ಬರೆಯಬೇಕಾಗುತ್ತಿತ್ತು.

ಜಗಳ ಇತ್ಯರ್ಥವಾಗಲು ಸರ್ಕಾರ ಸಮಯ ಕೊಡಲಿಲ್ಲ. 1908ರ ಫೆಬ್ರವರಿ 27ರಂದು ಕೋರಲ್ ಮಿಲ್ಲಿನ ಕೂಲಿಕಾರರು ಮುಷ್ಕರ ಹೂಡಿದರು. ಮುಂದೆ ನಿಂತವರು ಪಿಳ್ಳೆ ಮತ್ತು ಶಿವ. ಮಿಲ್ಲು ಯಾರದೆಂದು ಮೊದಲೇ ಹೇಳಿದ್ದೇನೆ. ಅಂದರೆ ಹಡಗಿನಲ್ಲಿ ಎದುರಾಳಿಯಾದವರ ಏಜೆಂಟರ ಗಿರಣಿಯನ್ನೇ ಹಡಗಿನ ಕಂಪನಿಯ ಸಹಾಯಕ ಕಾರ್ಯದರ್ಶಿ ನಿಲ್ಲಿಸಿದ್ದರು. ಎರಡನೆಯ ವಾರದಲ್ಲಿ ಮಾಲೀಕರು ಮಣಿದು ಕೂಲಿ ಹೆಚ್ಚಿಸಿದರು. ಮಾರ್ಚ್ 9ರಂದು ಬಂಗಾಳದ ಸ್ವದೇಶಿ ನಾಯಕ ಬಿಪಿನ್ ಚಂದ್ರ ಪಾಲರು ಜೈಲಿನಿಂದ ಬಿಡುಗಡೆಯಾದ ಸಂತೋಷಕ್ಕೆ ಮೆರವಣಿಗೆ. ಮಾರ್ಚ್ 12ರಂದು ಪಿಳ್ಳೆ, ಶಿವ ಇಬ್ಬರ ಬಂಧನ. ಮರುದಿನ ತಿರುನೆಲ್ವೇಲಿ ಹೊತ್ತಿ ಉರಿಯಿತು, ಗೋಲಿಬಾರಿನಲ್ಲಿ ನಾಲ್ವರು ಸತ್ತರು. ಜುಲೈ 7ರಂದು ನ್ಯಾಯಾಧೀಶ ಪಿನ್ಹೆ ಪಿಳ್ಳೆಯವರಿಗೆ ಎರಡು ಜೀವಾವಧಿ, ಒಟ್ಟು 40 ವರ್ಷ, ಶಿಕ್ಷೆ ಕೊಟ್ಟರು. ಹೈಕೋರ್ಟು ಅದನ್ನು ಆರು ವರ್ಷಕ್ಕೆ ಇಳಿಸಿತು. ಕೊಯಮತ್ತೂರು ಜೈಲಿನಲ್ಲಿ ಎತ್ತಿನ ಬದಲು ಈ ವಕೀಲರನ್ನು ಎಣ್ಣೆ ಗಾಣಕ್ಕೆ ಕಟ್ಟಿದರು.

ನಾಯಕನಿಲ್ಲದ ಕಂಪನಿ ಮೂರು ವರ್ಷ ತೆವಳಿತು. ರಾಜಕೀಯ ಬಿಟ್ಟರೆ ಕಂಪನಿ ಉಳಿದೀತು ಎಂದಿದ್ದವರಿಗೆ ಅದನ್ನು ಸಾಬೀತು ಮಾಡುವ ಅವಕಾಶ ಈಗ ಸಿಕ್ಕಿತ್ತಲ್ಲ? ಭಾಷಣ ನಿಂತಿತ್ತು, ಸಭೆ ನಿಂತಿತ್ತು. ಹಡಗು ಹತ್ತುವ ಜನರೂ ನಿಂತರು. 1911ರಲ್ಲಿ ಕಂಪನಿ ಸಮಾಪನೆಗೆ ಹೋಯಿತು. ಗ್ಯಾಲಿಯಾ ಕೊನೆಗೆ ಎದುರಾಳಿ ಕಂಪನಿಗೇ ಮಾರಾಟವಾಯಿತು ಎನ್ನುತ್ತಾರೆ. ಅದೇ ವರ್ಷದ ಜೂನ್ 17ರಂದು ಮಣಿಯಾಚ್ಚಿ ರೈಲು ನಿಲ್ದಾಣದಲ್ಲಿ ವಾಂಚಿನಾಥನ್ ಎಂಬ ಯುವಕ ಕಲೆಕ್ಟರ್ ಆಶ್‌ನನ್ನು ಗುಂಡಿಟ್ಟು ಕೊಂದ. ಸ್ವದೇಶಿ ಕಂಪನಿಯನ್ನು ಹೊಸಕಿದವರಲ್ಲಿ ಆಶ್ ಮುಂದಿದ್ದ ಎಂಬ ಸಿಟ್ಟು ಆ ಗುಂಡಿನ ಹಿಂದಿತ್ತೆಂದು ಬಹಳ ಜನ ನಂಬಿದ್ದರು.

ಸಮಾಪನೆಯಲ್ಲಿ ಯಾವ ಷೇರುದಾರನ ಕೈಗೆ ಎಷ್ಟು ಬಂತೋ ಬಿಡಿ. ಆಡಿಟರನಾಗಿ ನನಗೆ ಕಾಡುವುದು ಬೇರೊಂದು ಸಂಗತಿ. ರಾಜಕೀಯ ಬೇಕೋ ಬೇಡವೋ ಎಂದು ಎರಡೂ ಪಕ್ಷ ಕಾದಾಡುತ್ತಿದ್ದಾಗ ಇತ್ತ ರಾಮೇಶ್ವರದ ಕಡೆ ರೈಲು ಹಳಿ ಕಡಲಿನ ಅಂಚಿಗೆ ಬಂದಿತ್ತು. 1914ರ ಫೆಬ್ರವರಿ 24ರಂದು ಪಾಂಬನ್ ಸೇತುವೆ ತೆರೆಯಿತು. ಮದ್ರಾಸಿನಿಂದ ತೂತುಕುಡಿಗೆ ಬರುತ್ತಿದ್ದ ಬೋಟ್ ಮೇಲ್ ರೈಲು ಧನುಷ್ಕೋಡಿಗೆ ತಿರುಗಿತು. ಅಲ್ಲಿಂದ ತಲೈಮನ್ನಾರಿಗೆ ಇಪ್ಪತ್ತು ಚಿಲ್ಲರೆ ಮೈಲಿ ನೀರು, ಆಚೆ ದಡದಲ್ಲಿ ಕೊಲಂಬೋ ರೈಲು ಕಾದಿರುತ್ತಿತ್ತು. ರಾತ್ರಿಯಿಡೀ ಡೆಕ್ಕಿನ ಮೇಲೆ ವಾಂತಿ ಮಾಡಿಕೊಂಡು ಹೋಗುವ ದಾರಿಯ ಅಗತ್ಯ ಯಾರಿಗಿದೆ? ಸ್ವದೇಶಿ ಕಂಪನಿಯ ಆಗುಹೋಗುಗಳನ್ನು ಅಳೆದವರು ಆ ಕಡೆ ಕಣ್ಣು ಹಾಯಿಸಿದ್ದರೋ ಇಲ್ಲವೋ, ಕಂಪನಿ ಬದುಕಿದ್ದರೂ ಇನ್ನು ಮೂರು ವರ್ಷಕ್ಕೆ ಮತ್ತೊಂದು ಮಹಾಸಭೆ ಕರೆದು ಹೊಸ ದಾರಿ ಹುಡುಕಬೇಕಾಗಿತ್ತು. ಹಡಗಿಗೆ ಹೊಸ ದಾರಿ ಸಿಕ್ಕೀತು. ದರದ ಜಗಳದಲ್ಲಿ ಕರಗಿದ ಬಂಡವಾಳ ಎಲ್ಲಿಂದ ಬರಬೇಕು?

ಭಾರತೀಯರ ಹಡಗು ಲಂಡನ್ ದಾರಿ ಹಿಡಿಯಲು 1919ರ ಏಪ್ರಿಲ್ 5ರ ತನಕ ಕಾಯಬೇಕಾಯಿತು. ಅಂದು ಮುಂಬಯಿಯಿಂದ ಹೊರಟದ್ದು ಸಿಂಧಿಯಾ ಕಂಪನಿಯ 'ಲಾಯಲ್ಟಿ'. ಆ ದಿನವನ್ನೇ ಈಗ ರಾಷ್ಟ್ರೀಯ ಕಡಲಯಾನ ದಿನವೆಂದು ಆಚರಿಸುತ್ತಾರೆ. ಹಿಂದೆ ವಾಲ್‌ಚಂದ್ ಹೀರಾಚಂದರಂಥ ಗಟ್ಟಿ ಕುಳಗಳಿದ್ದುದರಿಂದ ಅವರು ಪೆಟ್ಟು ತಿಂದೂ ನಿಂತರು.

ಪಿಳ್ಳೆಯವರ ಕಥೆಯನ್ನು ಸಿನಿಮಾ ಮಾಡಿದವರು ನಮ್ಮ ಕನ್ನಡ ಚಿತ್ರರಂಗದವರೇ ಆದ ಬಿ. ಆರ್. ಪಂತುಲು. 1961ರಲ್ಲಿ ಅವರು ಕನ್ನಡಕ್ಕೆ 'ಕಿತ್ತೂರು ಚೆನ್ನಮ್ಮ' ಕೊಟ್ಟರು, ತಮಿಳಿಗೆ ಶಿವಾಜಿ ಗಣೇಶನ್ನರ 'ಕಪ್ಪಲೋಟ್ಟಿಯ ತಮಿಳನ್', ಹಡಗು ಓಡಿಸಿದ ತಮಿಳ. ಚೆನ್ನಮ್ಮ ಗೆದ್ದಳು. ಹಡಗಿನ ಚಿತ್ರಕ್ಕೆ ಪ್ರಶಸ್ತಿ ಬಂತು, ಹೊಗಳಿಕೆ ಬಂತು, ಹಾಕಿದ ದುಡ್ಡು ಬರಲಿಲ್ಲ. ಆ ಹಡಗಿನ ಜಾತಕವೇ ಹಾಗಿತ್ತೋ ಏನೋ.

ಪಿಳ್ಳೆ 1912ರ ಡಿಸೆಂಬರಿನಲ್ಲಿ ಜೈಲಿನಿಂದ ಹೊರಬಂದಾಗ ಕಂಪನಿ ಇರಲಿಲ್ಲ, ವಕೀಲಿಯ ಸನದೂ ಇರಲಿಲ್ಲ. ಮದ್ರಾಸಿಗೆ ಹೋಗಿ ಸಣ್ಣಪುಟ್ಟ ಅಂಗಡಿ ನಡೆಸಿ ಸಂಸಾರ ಸಾಗಿಸಿದರು. ಎಷ್ಟೋ ವರ್ಷದ ಮೇಲೆ ವ್ಯಾಲೇಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರ ನೆರವಿನಿಂದ ಸನದು ಮರಳಿ ಸಿಕ್ಕಿತು. ಆ ಋಣಕ್ಕೆ ಒಬ್ಬ ಮಗನಿಗೆ ವಾಲೇಶ್ವರನ್ ಎಂದು ಹೆಸರಿಟ್ಟರು. 1936ರ ನವೆಂಬರ್ 18ರಂದು ತೂತುಕುಡಿಯಲ್ಲೇ ತೀರಿಕೊಂಡರು. ಅಲ್ಲಿನ ಬಂದರಿಗೆ ಈಗ ಅವರದೇ ಹೆಸರು.

ಅದಕ್ಕೂ ಮೊದಲು, 1915ರಲ್ಲಿ, ಒಂದು ಸಣ್ಣ ಲೆಕ್ಕ ನಡೆಯಿತು. ದಕ್ಷಿಣ ಆಫ್ರಿಕದ ತಮಿಳರು ಪಿಳ್ಳೆಯವರ ಕಷ್ಟ ಕೇಳಿ ಹಣ ಕೂಡಿಸಿ ಗಾಂಧೀಜಿಯವರ ಕೈಗೆ ಕೊಟ್ಟಿದ್ದರು. ಗಾಂಧಿ ಭಾರತಕ್ಕೆ ಬಂದರು, ಮದ್ರಾಸಿಗೂ ಬಂದರು. ಆ ಹಣದ ವಿವರ ಅವರಿಗೆ ನೆನಪಿರಲಿಲ್ಲ. ಇಬ್ಬರ ನಡುವೆ ಕಾಗದಗಳು ಓಡಾಡಿದವು. ಹತ್ತು ಲಕ್ಷ ಬಂಡವಾಳದ ಕಂಪನಿಗೆ ಊರೂರು ತಿರುಗಿ ಷೇರು ಕೂಡಿಸಿದ್ದ ಮನುಷ್ಯ ಹಣ ಸಿಗುವುದೋ ಇಲ್ಲವೋ ಎಂದು ಅಂಚೆಯವನ ದಾರಿ ಕಾಯುತ್ತಿದ್ದರು. 1916ರಲ್ಲಿ ಹಣ ಬಂತು. ಪಿಳ್ಳೆ ಮೊತ್ತವನ್ನು ಬಿಡಿಗಾಸಿನ ತನಕ ಗುರುತು ಹಾಕಿಕೊಂಡರು: 347 ರೂಪಾಯಿ, 12 ಆಣೆ.